ಸುಮ್ಮನೆ ಕೂತವಳು

ಡ್ರಮ್ಮಿಗೆ ನೀರು ತುಂಬುವುದು, ರಾತ್ರಿಯ ಪಾತ್ರೆ ತಿಕ್ಕುವುದು, ಗಂಡನ ಡಬ್ಬಿಗೆ ತರಕಾರಿ ಹೆಚ್ಚುವುದು, ಅತ್ತೆಯ ಮಂಡಿಗೆ ಎಣ್ಣೆ ಬಿಸಿ ಮಾಡುವುದು, ನಡುವೆ ಎದೆಹಾಲು ಹಿಂಡಿ ಮಗುವಿಗೆ ಚಮಚದಲ್ಲಿ ಕುಡಿಸುವುದು. ಬೆಳಕು ಹರಿಯುವ ಮುಂಚೆ ಇಷ್ಟು. ಕೊನೆಯದನ್ನು ಆ ಮನೆಯಲ್ಲಿ ಯಾರೂ ಕೆಲಸವೆನ್ನುವುದಿಲ್ಲ.

ಅವಳು ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದವಳು. ಏಳನೇ ತಿಂಗಳಲ್ಲಿ ಮೆಷಿನ್ ಮುಂದೆಯೇ ನೋವು ಬಂತು. ಅಂಗೈಯಗಲದ ಮಗು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಮನೆಗೆ ಕಳಿಸುವಾಗ ನರ್ಸಮ್ಮ ಹೇಳಿದ್ದಳು: "ಮುಖ ಕಿವುಚುತ್ತೆ, ಕೈಕಾಲು ಆಡಿಸುತ್ತೆ, ನಗುತ್ತೆ ಕೂಡ. ಎದ್ದಿದೆ ಅಂದ್ಕೋಬೇಡಮ್ಮ, ಅದೂ ನಿದ್ದೇನೇ. ಎದೆಗೆ ಹಾಕ್ಕೊಂಡು ಕೂತ್ಕೋ, ನಡುವೆ ಕದಲಿಸಬೇಡ. ಇವು ಬೆಳೆಯೋದೇ ನಿದ್ದೇಲಿ."

ಮನೆಯಲ್ಲಿ ಮಗು ಬೆರಳು ಅಲ್ಲಾಡಿಸಿದರೆ ಸಾಕು, "ಎದ್ಬಿಡ್ತು ನೋಡೇ!" ಎಂದು ಅತ್ತೆ ಎತ್ತಿ ತಟ್ಟುತ್ತಿದ್ದರು. ಆಗ ಅದು ನಿಜವಾಗಿಯೂ ಎದ್ದು ಅಳುತ್ತಿತ್ತು. ಅವಳು ಎದೆಗೊರಗಿಸಿಕೊಂಡು ಕೂತರೆ ಇನ್ನೊಂದು ರಾಗ.

"ಕಾಲಿಗೆ ಚಕ್ರ ಕಟ್ಕೊಂಡಿದ್ದ ಸೊಸೆ ಕಣಪ್ಪ, ಈಗ ಮಹಾರಾಣಿ. ಮಗು ಸುಮ್ಮನಿದೆ ಅಂತ ಇವಳೂ ಸುಮ್ಮನೆ ಕೂತಿದ್ದಾಳೆ."

ಗಂಡ ನಕ್ಕ. "ಮಲಗಿರೋ ಮಗೂಗೆ ಕಾವಲು ಬೇರೆ ಬೇಕೇನೇ? ಎಲ್ಲಿಗೆ ಓಡಿಹೋಗುತ್ತೆ ಅದು?"

ಅವಳೂ ನಕ್ಕಳು. ಆ ಮನೆಯಲ್ಲಿ ಅವಳ ಮಾತಿಗೆ ಸಿಗುತ್ತಿದ್ದದ್ದು ಆ ಪುಟ್ಟ ಕಿವಿಯೊಂದೇ, ಅದೂ ನಿದ್ದೆಯಲ್ಲಿ.

ಕಳೆದ ವಾರ ಆಸ್ಪತ್ರೆಯ ತೂಕದಲ್ಲಿ ಮಗು ಚೂರೂ ಹೆಚ್ಚಿರಲಿಲ್ಲ. ಹೀಗೇ ಆದರೆ ಮತ್ತೆ ಗಾಜಿನ ಪೆಟ್ಟಿಗೆಗೆ ಎಂದಿದ್ದರು. ಮನೆಯಲ್ಲಿ ಹೇಳಿದಳು.

"ಸಣ್ಣ ಮೈ ಅಷ್ಟೆ," ಎಂದರು ಅತ್ತೆ. "ನಿಮ್ಮ ಕಡೆಯವರ ಹಾಗೆ."

ನಾಳೆ ಮತ್ತೆ ತೂಕ. ಈ ಬೆಳಿಗ್ಗೆ ಕರೆಂಟ್ ಒಲೆಯ ಮೇಲೆ ಹಾಲಿಟ್ಟು ಬಂದಾಗ ಮಗು ಕೊಸರಾಡುತ್ತಿತ್ತು. ಎದೆಗೆ ಹಾಕಿಕೊಂಡು ಮಂಚದಂಚಿಗೆ ಕೂತಳು. ಬೆರಳುಗಳು ಅರಳಿ ಮುದುಡಿದವು. ರೆಪ್ಪೆಯ ಕೆಳಗೆ ಕಣ್ಣು ಹೊರಳಾಡಿತು. ತುಟಿ ಯಾರಿಗೋ ನಕ್ಕಿತು. ಆಮೇಲೆ ಒಂದೊಂದೇ ನಿಂತು ಉಸಿರಷ್ಟೇ ಉಳಿಯಿತು. ಮನೆಗೆ ಬಂದಮೇಲೆ ಇಂಥ ಗಾಢ ನಿದ್ದೆ ಇದೇ ಮೊದಲು.

"ಹಾಲು ಉಕ್ತಿದೆ ಕಣೇ!" ಹಾಸಿಗೆಯಿಂದ ಅತ್ತೆ ಕೂಗಿದರು.

"ಏ, ಹಾಲು!" ಎಂದ ಗಂಡ, ಅಡುಗೆಮನೆಯ ಬಾಗಿಲಲ್ಲೇ ನಿಂತು ತಲೆ ಬಾಚಿಕೊಳ್ಳುತ್ತ.

ಅವಳ ಕಾಲು ತಾನಾಗಿಯೇ ನೆಲಕ್ಕೆ ಊರಿತು. ಎದೆಯ ಮೇಲಿನ ಪುಟ್ಟ ಬೆನ್ನು ಏರಿತು, ಇಳಿಯಿತು. ಒಳಗೆ ಚುಸ್ಸೆಂದಿತು, ಸೀದ ವಾಸನೆ ಕೋಣೆಯವರೆಗೂ ಬಂತು.

ಅವಳು ಕಾಲನ್ನು ಮೇಲಕ್ಕೆಳೆದು ಮಡಚಿ, ಗೋಡೆಗೊರಗಿ ಕೂತಳು.