ಎರಡೆರಡು ಇಸವಿಯ ನಾಣ್ಯ

ಹೊಸ ಕನ್ನಡಕ ಹಾಕಿಕೊಂಡ ಟೈಲರಮ್ಮ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದರು. ಆದರೆ ಗಿರಾಕಿ ಕೊಟ್ಟ ಚಿಲ್ಲರೆಯಲ್ಲಿ ಒಂದು ನಾಣ್ಯದ ಇಸವಿ ಮಾತ್ರ ಎರಡೆರಡಾಗಿ ಕಂಡಿತು. ತಲೆ ಕೆಟ್ಟು, ಅರ್ಧ ಹೊಲಿದ ಅಂಗಿ ಬಿಟ್ಟು ಕನ್ನಡಕದಂಗಡಿಗೆ ಹೋದರು.

"ಎಂಥಾ ಗಾಜು ಹಾಕಿದ್ದೀಯಪ್ಪಾ?"

ಅಂಗಡಿಯವನು ನಾಣ್ಯ ನೋಡಿದ. ತನ್ನ ಕನ್ನಡಕವನ್ನೇ ಒರೆಸಿಕೊಂಡು ಮತ್ತೆ ನೋಡಿದ. "ಅಕ್ಕಾ, ನನಗೂ ಎರಡು ಕಾಣ್ತಿದೆಯಲ್ಲ!"

ಇಬ್ಬರೂ ಕಣ್ಣುಕಣ್ಣು ಬಿಟ್ಟರು. ಕೊನೆಗೆ ಅವನು ಭೂತಗನ್ನಡಿ ಹಿಡಿದ.

"ಕಣ್ಣಿನ ದೋಷ ಅಲ್ಲಕ್ಕಾ. ಟಂಕಸಾಲೆಯಲ್ಲೇ ಅಚ್ಚು ತಪ್ಪಿದೆ. ಇಂಥದ್ದಕ್ಕೆ ಜಾಸ್ತಿ ಬೆಲೆ ಕೊಡೋರೂ ಇದ್ದಾರೆ."

"ಹಾಗಾದ್ರೆ ಇದು ನಡೆಯುತ್ತಾ, ಇಲ್ವಾ?"

"ನಡೆಯುತ್ತೆ. ಆದ್ರೆ ನೀವು ನಡೆಸಬೇಡಿ."

ಕಣ್ಣು ಸರಿಯಿದೆಯೆಂದು ಟೈಲರಮ್ಮನಿಗೆ ಸಮಾಧಾನವಾಯಿತು. ಆದರೆ ತಾನು ತಪ್ಪಾಗಿ ಹೊಲಿದರೆ ಬೈಯುವ ಜನ, ತಪ್ಪಾಗಿ ಅಚ್ಚಾದದ್ದಕ್ಕೆ ಹೆಚ್ಚು ಕೊಡುವುದೇಕೆ ಎಂಬುದು ಮಾತ್ರ ದಾರಿಯುದ್ದಕ್ಕೂ ತಿಳಿಯಲಿಲ್ಲ.