ಹಸಿರು ಬೊಟ್ಟಿನ ಕ್ಯಾಸೆಟ್ಟು

ಅವತ್ತು ನಮ್ಮ ಮನೆಯವರು ಪಡಸಾಲೆಯಲ್ಲಿ ಕುಳಿತು ಹಳೆಯ ಗ್ರಾಮಫೋನ್ ಪ್ಲೇಟಿನ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬುತ್ತಿದ್ದರು. ಮಸ್ಕಿಯಲ್ಲಿ ಅವರದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಜವಳ, ಏನೇ ಇರಲಿ, ಹಾರ್ನ್ ಕಟ್ಟಿ ಪ್ಲೇಟು ಹಾಕುವುದು ಅವರ ಕೆಲಸ. ಆ ಹೊತ್ತಿಗೆ ಜನ ಕ್ಯಾಸೆಟ್ಟು ಕೇಳತೊಡಗಿದ್ದರು. ಪ್ಲೇಟಿನ ಮುಳ್ಳು ಸಿಂಧನೂರಿನಲ್ಲೂ ಸಿಗುತ್ತಿರಲಿಲ್ಲ. ಇದ್ದೊಂದು ಮುಳ್ಳು ಸವೆಯುವುದರೊಳಗೆ ಎಲ್ಲವನ್ನೂ ಇಳಿಸಿಬಿಡಬೇಕೆಂದು ಅವರ ಅವಸರ.

ಸ್ಪೀಕರಿನ ಎದುರಿಗೆ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಡುತ್ತಿದ್ದರು. ಹಾಗಾಗಿ ಹಾಡಿನ ಜೊತೆಗೆ ಮನೆಯ ಸದ್ದೂ ಒಳಗೆ ಹೋಗುತ್ತಿತ್ತು. ಒಂದೊಂದು ಹಾಡಿಗೂ ಮೊದಲು, ಮದುವೆಯ ಹಂದರದಲ್ಲಿ ಹೇಳುವಂತೆಯೇ ಗಂಟಲು ಸರಿಮಾಡಿಕೊಂಡು, ಈಗ ಯಾವ ಹಾಡು ಬರುತ್ತದೆಂದು ಹೇಳುತ್ತಿದ್ದರು.

“ಒಂದ್ ಗಳಿಗಿ ಕೈ ನಿಲ್ಲಸ ಬೇ. ನಿನ್ನ ರೊಟ್ಟಿ ತಬಲಾ ಬಾರಸಾಕತ್ತೈತಿ,” ಎಂದರು, ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ.

“ನಿಲ್ಲಸ್ತೀನಿ. ಮಧ್ಯಾನಕ್ಕ ಪ್ಲೇಟ ತಿನ್ನೀರಂತ,” ಎಂದೆ.

ಅವರು ನಕ್ಕರು. ಆ ನಗುವೂ ತುಂಬಿಕೊಂಡಿತು. ಅದನ್ನು ಅಳಿಸಲಿಲ್ಲ. ಮುಗಿದ ಕ್ಯಾಸೆಟ್ಟುಗಳಿಗೆಲ್ಲ ಇಡುವಂತೆ ಇದಕ್ಕೂ ಹಾರ್ನಿಗೆ ಹಚ್ಚುವ ಹಸಿರು ಬಣ್ಣದ ಬೊಟ್ಟಿಟ್ಟು, ಅದರ ಹಿಂಬದಿಯ ಎರಡು ಸಣ್ಣ ಹಲ್ಲುಗಳನ್ನು ಮುರಿದರು. “ಇನ್ನ ಇದರ ಮ್ಯಾಲೆ ಯಾರೂ ಏನೂ ತುಂಬಾಕ ಬರಂಗಿಲ್ಲ ನೋಡು,” ಎಂದು ಡಬ್ಬಿಯಲ್ಲಿ ಹಾಕಿಟ್ಟರು.

ಮರುದಿನ ಸಂತೆಕಲ್ಲೂರಿನ ಮದುವೆಗೆ ಹಾರ್ನ್ ಕಟ್ಟಲು ಬೇವಿನ ಮರ ಹತ್ತಿದವರು ಕಾಲು ಜಾರಿ ಬಿದ್ದರು. ಲಿಂಗಸುಗೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ನಮ್ಮಲ್ಲಿ ಹೋದವರನ್ನು ಗೋಡೆಗೆ ಆನಿಸಿ ಕೂಡಿಸಿ, ಎತ್ತುವ ತನಕ ಎದುರಿಗೆ ಭಜನೆ ಮಾಡುತ್ತಾರೆ. ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಅವರ ಚಿಕ್ಕಪ್ಪನ ಮಗ, ನನ್ನ ಮೈದುನ, ಆ ಭಜನೆಯನ್ನು ನಮ್ಮದೇ ಟೇಪಿನಲ್ಲಿ ತುಂಬಿಕೊಂಡ. ಆಗ ನನಗೆ ಯಾವುದರ ಮೇಲೂ ಗಮನವಿರಲಿಲ್ಲ.

ಶಿವಗಣಾರಾಧನೆಯ ದಿನ ಹುಗ್ಗಿ ಉಂಡು ಮಂದಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಮೈದುನ ಅಂದು ತುಂಬಿಕೊಂಡ ಕ್ಯಾಸೆಟ್ಟನ್ನು ಹಚ್ಚಿದ. ಭಜನೆಯ ನಡುವೆ ಒಬ್ಬ ಹೆಂಗಸು ಚೀರಿಕೊಂಡು ಅಳುತ್ತಿದ್ದಳು. ನಾನೇ ಅದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಎಷ್ಟ್ ಚಂದ ಹಾಡ್ಯಾಡಿ ಅತ್ತಾಳ ನೋಡ್ರಿ,” ಎಂದರು ಮೈದುನನ ತಾಯಿ, ನಮ್ಮ ಚಿಕ್ಕತ್ತೆ, ಬಾಯಿ ತುಂಬ ಎಲೆ ಇಟ್ಟುಕೊಂಡು.

“ತಡೀ ಯವ್ವಾ, ಅದನ್ನ ಮತ್ತೊಮ್ಮಿ ಹಚ್ತೀನಿ,” ಎಂದು ಅವರ ಮಗ ಹಿಂದಕ್ಕೆ ತಿರುಗಿಸಿದ. ಕ್ಯಾಸೆಟ್ಟಿನಲ್ಲಿ ನಾನು ಎರಡನೆಯ ಸಲ ಅತ್ತೆ. ಮಂದಿ ತಲೆದೂಗಿದರು. ಅಡಿಕೆ ಕಡಿಯುವ ಸದ್ದು ನಿಲ್ಲಲಿಲ್ಲ.

ಅವನು ಕ್ಯಾಸೆಟ್ಟು ಹೊರತೆಗೆದಾಗ ಹಸಿರು ಬೊಟ್ಟು ಕಂಡಿತು. ಕೈಗೆ ತೆಗೆದುಕೊಂಡೆ. ಹುಗ್ಗಿಯ ತುಪ್ಪ ಮೆತ್ತಿತ್ತು. ಮತ್ತೆ ತುಂಬಲು ಬರಲೆಂದು ಮುರಿದ ಹಲ್ಲಿನ ತೂತುಗಳಲ್ಲಿ ಇಭೂತಿ ಪುಡಿಕೆಯ ಕಾಗದವನ್ನು ಮಡಚಿ ತುರುಕಿದ್ದ.

“ಇದರಾಗ ಏನಿತ್ತು ಗೊತ್ತೇನಪಾ?”

“ಕೇಳೇ ಹಾಕೀನ್ರೀ ಅತ್ತಿಗಿ. ಹಳೇ ಹಾಡು, ಎಲ್ಲಿ ಬೇಕಾದ್ರೂ ಸಿಗತಾವ. ನಡುವ ಅಣ್ಣ ಏನೋ ಬಡಬಡಿಸ್ಯಾನ, ರೊಟ್ಟಿ ಸಪ್ಪಳ ಬ್ಯಾರೆ. ಅದ್ರ ಮ್ಯಾಲೆ ಶಿವನಾಮ ಬಿತ್ತು. ಅಣ್ಣಗೂ ಚಲೋನ ಆತು.”

ಡಬ್ಬಿ ತೆಗೆದು ನೋಡಿದೆ. ಬೊಟ್ಟಿಟ್ಟವು ಒಂದೂ ಉಳಿದಿರಲಿಲ್ಲ. ಎಲ್ಲದರ ಮೇಲೂ ತುಂಬುವಷ್ಟು ಉದ್ದ ಭಜನೆ ನಡೆದಿತ್ತು. ಸಿಟ್ಟು ಬಂದಿದ್ದರೆ ಜಗಳವಾಡುತ್ತಿದ್ದೆನೋ ಏನೋ. ನನಗೆ ಬಂದದ್ದು ಹೇಸಿಗೆ. ಕೇಳಿಯೂ ಅಳಿಸಿದ್ದ. ಸ್ನಾನ ಮಾಡಿ, ಹಣೆಗೆ ಇಭೂತಿ ಹಚ್ಚಿಕೊಂಡು ಅಳಿಸಿದ್ದ. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಉಪವಾಸವಿದ್ದದ್ದಕ್ಕೆ ಹಾಗಾಯಿತೆಂದು ಹೆಂಗಸರು ನಿಂಬೆಹಣ್ಣಿನ ನೀರು ಕೊಟ್ಟರು. ಇಂದಿಗೂ ನಾನು ತುಪ್ಪ ತಿನ್ನುವುದಿಲ್ಲ.

ಎಷ್ಟೋ ವರ್ಷದ ಮೇಲೆ ಮೈದುನ ಗಿರಣಿಯ ಕೆಲಸಕ್ಕೆಂದು ಮನೆಗೆ ಕಂಪ್ಯೂಟರ್ ತಂದ. ಅದರಲ್ಲಿ ಆ ಭಜನೆಯನ್ನು ಸಿಡಿಗೆ ಇಳಿಸಿ ನನಗೊಂದು ತಂದುಕೊಟ್ಟ. ನನ್ನ ಮನೆಯಲ್ಲಿ ಅದನ್ನು ಹಾಕುವ ಯಂತ್ರವೂ ಇರಲಿಲ್ಲ.

“ಇನ್ನ ಇದು ಅಳಸಂಗಿಲ್ರೀ ಅತ್ತಿಗಿ. ಸರಸರ ಸದ್ದೆಲ್ಲ ತೆಗದೀನಿ. ನಿಮ್ಮ ಅಳು ಎಷ್ಟ್ ಸ್ವಚ್ಛ ಬಂದೈತಿ ಅಂತೀರಿ.”

ಕೇಳಬಾರದೆಂದುಕೊಂಡಿದ್ದರೂ ಕೇಳಿದೆ: “ಅದರ ಕೆಳಗ ಮೊದಲಿಂದು ಏನರ ಸಿಗತೈತೇನು?”

“ಎಲ್ಲಿ ಸಿಗತೈತ್ರೀ,” ಎಂದು ನಕ್ಕ. “ಒಮ್ಮಿ ಮ್ಯಾಲೆ ತುಂಬಿದ್ರ ಹ್ವಾದಂಗ.”

ಸಿಡಿಯನ್ನು ಕಾಗದದಲ್ಲಿ ಸುತ್ತಿ, ಮನೆಯಲ್ಲುಳಿದ ಅವರ ಹಾರ್ನಿನ ಹಿಂದೆ ಇಟ್ಟೆ. ಇನ್ನೊಮ್ಮೆ ಮುಟ್ಟಿಲ್ಲ.

ಪ್ಲೇಟುಗಳೆಲ್ಲ ಮನೆಯಲ್ಲಿವೆ. ಅವುಗಳ ಹಾಡುಗಳೂ, ಮೈದುನ ಹೇಳಿದಂತೆ, ಎಲ್ಲಿ ಬೇಕಾದರೂ ಸಿಗುತ್ತವೆ. ಅವರ ದನಿ ಎಲ್ಲಿಯೂ ಇಲ್ಲ.