ಹಿಪ್ಪುನೇರಳೆ ತೋಟದ ತಗ್ಗಿನ ಮೂಲೆ

ಅಡುಗೆಮನೆಯಲ್ಲಿ ಒಂದು ಚೊಂಬು ನೀರು ಚೆಲ್ಲಿದರೆ ನಾನು ಒರೆಸುವ ಬಟ್ಟೆ ಹುಡುಕುವುದಿಲ್ಲ. ಅದು ಯಾವ ಕಡೆ ಹರಿಯುತ್ತದೆಂದು ನೋಡುತ್ತ ನಿಂತುಬಿಡುತ್ತೇನೆ. ಮನೆಯವರಿಗೆ ಇದು ಅಪ್ಪಟ ಸೋಮಾರಿತನ. ಏನು ಮಾಡಲಿ ಗೆಳೆಯರೇ, ಕೋಲಾರದ ಸುತ್ತಿನ ಊರುಗಳಿಗೆ ಕುಡಿಯುವ ನೀರಿನ ಕೊಳವೆಗಳನ್ನೂ ಒಳಚರಂಡಿಗಳನ್ನೂ ವಿನ್ಯಾಸ ಮಾಡುತ್ತಲೇ ತಲೆ ನರೆತವಳು ನಾನು. ನೀರು ತರುವ ಎಂಜಿನಿಯರಿಗೆ ಊರು ಹಾರ ಹಾಕುತ್ತದೆ. ಅದೇ ನೀರನ್ನು, ಜನ ಮಿಂದು ತೊಳೆದು ಕೈಬಿಟ್ಟ ಮೇಲೆ, ಆಚೆಗೆ ಸಾಗಿಸಲು ಬಂದರೆ ಎಲ್ಲರೂ ಪಕ್ಕದವರ ಜಾಗದತ್ತ ಬೆರಳು ತೋರಿಸುತ್ತಾರೆ.

ಮುಳಬಾಗಿಲು ತಾಲ್ಲೂಕಿನಲ್ಲಿ, ಕುರುಡುಮಲೆಗೆ ಹೆಚ್ಚು ದೂರವಲ್ಲದ ಒಂದು ಊರಿನಲ್ಲಿ ಹಾಗೆಯೇ ಆಯಿತು. ಒಳಚರಂಡಿಯ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು, ತಗ್ಗಿನ ಒಂದು ಮುಚ್ಚಿದ ಬಾವಿಗೆ ಸೇರಬೇಕು. ಅಲ್ಲಿಂದ ಪಂಪು ಅದನ್ನು ಊರಾಚೆಯ ಶುದ್ಧೀಕರಣ ಘಟಕಕ್ಕೆ ಎತ್ತಬೇಕು. ನಕ್ಷೆಯಲ್ಲಿ ಆ ಬಾವಿ, ಅಲ್ಲಿ ರೇಷ್ಮೆ ಬೆಳೆಯುವ ನಾರಾಯಣಮ್ಮನೆಂಬವಳ ಹುಳುಮನೆಯ ಹಿಂದಿದ್ದ ತುಂಡು ಸರ್ಕಾರಿ ಜಾಗಕ್ಕೆ ಬಂದಿತ್ತು. ಅದಕ್ಕಿಂತಲೂ ತಗ್ಗಿನಲ್ಲಿದ್ದ ದಲಿತರ ಕಾಲೋನಿಯ ಮನೆಗಳ ನೀರು ಅಷ್ಟು ಮೇಲಕ್ಕೆ ಹತ್ತಲಾರದೆಂದು, ಅವನ್ನು ಮುಂದಿನ ಹಂತಕ್ಕೆ ಬಿಡಲಾಗಿತ್ತು.

ಜಾಗ ನೋಡಲು ಹೋದಾಗ ನಾರಾಯಣಮ್ಮ ಹುಳುಮನೆಯ ಬಾಗಿಲಲ್ಲೇ ನನ್ನನ್ನು ತಡೆದಳು.

“ಸೆಂಟು ಗಿಂಟು ಹಾಕ್ಕೊಂಡಿದೀರೇನಮ್ಮಾ?”

“ಪೌಡರ್ ಅಷ್ಟೇ.”

“ಹಂಗಾದ್ರೆ ಆಚೇನೇ ನಿಂತ್ಕೊಳ್ಳಿ. ಹುಳ ಜ್ವರಕ್ಕೆ ಕೂತದೆ. ಊದುಬತ್ತಿ ವಾಸ್ನೆಗೇ ತಡಿಯಲ್ಲ, ನಿಮ್ ಬಾವಿ ವಾಸ್ನೆಗೆ ಉಳೀತದಾ?”

ಪೊರೆ ಕಳಚುವ ಮುನ್ನ ಹುಳುಗಳು ಮೇವು ಬಿಟ್ಟು ಸ್ತಬ್ಧವಾಗುವುದಕ್ಕೆ ಅಲ್ಲಿನವರು ಜ್ವರವೆನ್ನುತ್ತಾರೆ. ಬಲೆಯ ಕಿಟಕಿಯಿಂದ ಇಣುಕಿದೆ. ತಟ್ಟೆ ತಟ್ಟೆಗಳ ತುಂಬ ಅಸಂಖ್ಯ ಹುಳುಗಳು ತಲೆಯೆತ್ತಿ ಅಲುಗಾಡದೆ ಕುಳಿತಿದ್ದವು. ಮುಚ್ಚಳ ಭದ್ರವಾಗಿರುತ್ತದೆ, ವಾಸನೆ ಬಾರದು ಎಂದು ಹೇಳಲು ಹೊರಟಿದ್ದವಳು ನಕ್ಷೆಯನ್ನು ಮಡಚಿಕೊಂಡೆ.

ಸಂಜೆ ಹಾಲಿನ ಡೈರಿಯ ಮುಂದೆ ಊರವರು ಸೇರಿದರು. ಹಿರಿಯರೊಬ್ಬರು ಸಲೀಸಾಗಿ ಪರಿಹಾರ ಕೊಟ್ಟರು: “ಅಷ್ಟೊಂದು ಯೋಚ್ನೆ ಯಾಕೆ ಮೇಡಂ? ಕಾಲೋನಿ ಪಕ್ಕ, ಮೇಲ್ಗಡೆಗೆ ಹಾಕ್ಬಿಡಿ. ಅಲ್ಲಿ ಯಾರೂ ಏನೂ ಅನ್ನಲ್ಲ.”

“ಯಾಕನ್ನಲ್ಲ?” ಹಿಂದಿನಿಂದ ಒಂದು ದನಿ ಬಂತು. ಕಾಲೋನಿಯ ಗಂಗಮ್ಮ, ದಿನವೂ ನಾರಾಯಣಮ್ಮನ ತೋಟದಲ್ಲಿ ಸೊಪ್ಪು ಕೊಯ್ಯುವವಳು. “ನಮ್ ಮನೆ ನೀರು ಆ ಬಾವಿಗೆ ಬೇಡ, ಊರೋರ ವಾಸ್ನೆ ಮಾತ್ರ ನಮಗಾ? ಹುಳಕ್ಕಿರೋ ಮೂಗು ನಮ್ ಮಕ್ಳಿಗಿಲ್ವಾ? ನೀನಾದ್ರೂ ಹೇಳಕ್ಕಾ!”

ಎಲ್ಲರೂ ನಾರಾಯಣಮ್ಮನನ್ನು ನೋಡಿದರು. ಅವಳು ಹಾಲಿನ ಕ್ಯಾನು ಎತ್ತಿಕೊಂಡು ಹೊರಟುಹೋದಳು.

ಬೆಳಗ್ಗೆ ಅವಳೇ ನನ್ನನ್ನು ಹುಡುಕಿಕೊಂಡು ಬಂದಳು. ಹುಳುಮನೆಗೂ ಕಾಲೋನಿಗೂ ದೂರವಾಗಿ, ತನ್ನ ಹಿಪ್ಪುನೇರಳೆ ತೋಟ ಹಳ್ಳಕ್ಕೆ ಇಳಿಯುವ ಮೂಲೆಗೆ ಕರೆದೊಯ್ದಳು.

“ಇಲ್ಲಿ ತೋಡ್ಸಿ. ಈ ಮೂಲೆ ಬಿಟ್ಕೊಡ್ತೀನಿ.”

“ಇಲ್ಲಿನ ಸೊಪ್ಪು ಹೋಗ್ತದಲ್ಲಮ್ಮಾ?”

“ಹೋಗ್ಲಿ. ನನ್ ಹುಳಕ್ಕೆ ದಿನಾ ಸೊಪ್ಪು ಕೊಯ್ಯೋಳು ಗಂಗಾ. ನಿನ್ನೆ ಅವಳ ಮುಖ ನೋಡಕಾಗ್ಲಿಲ್ಲ ನನಗೆ.”

ಇಳಿಜಾರಿನ ಲೆಕ್ಕವನ್ನು ಬಲ್ಲವಳು ನಾನು. ಆದರೆ ಕೊಳಕು ಎತ್ತ ಹರಿಯಬೇಕೆಂಬುದನ್ನು ಊರುಗಳು ಬಹಳ ಹಿಂದೆಯೇ ತೀರ್ಮಾನಿಸಿಕೊಂಡಿರುತ್ತವೆ, ನಮ್ಮ ನಕ್ಷೆಗಳು ಅರಿವಿಲ್ಲದೆಯೇ ಆ ತೀರ್ಮಾನದ ಮೇಲೆ ಗೆರೆ ತಿದ್ದುತ್ತಿರುತ್ತವೆ. ಕಚೇರಿಯಲ್ಲಿ ಕುಳಿತು ಮಟ್ಟಗಳನ್ನು ಮತ್ತೆ ಹಾಕಿದಾಗ ಎದೆ ಹಗುರಾಯಿತು. ಆ ಮೂಲೆ ಕಾಲೋನಿಗಿಂತಲೂ ತಗ್ಗಿನಲ್ಲಿತ್ತು! ಬಾವಿ ಅಲ್ಲಿಗೆ ಇಳಿದರೆ ಗಂಗಮ್ಮನ ಬೀದಿಯೂ ಅದಕ್ಕೆ ಸೇರಬಹುದು, ಮುಂದಿನ ಹಂತಕ್ಕೆ ಕಾಯಬೇಕಿಲ್ಲ. ಹಾದಿಯಲ್ಲಿ ಬಂಡೆಯಿದೆಯೆಂದು ಮೇಲಿನವರು ಗೊಣಗಿದರು. ಒಂದು ಮನೆಯೂ ಬಿಟ್ಟುಹೋಗದ ನಕ್ಷೆಯನ್ನು ಅವರ ಮೇಜಿನ ಮೇಲೆ ಹರಡಿ, ಒಪ್ಪಿಗೆ ಸಿಗುವವರೆಗೆ ನಾನು ಏಳಲಿಲ್ಲ. ಹುಳು ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋದ ಮೇಲೆಯೇ ಕೆಲಸ ಶುರುವಾಯಿತು. ಸಿಡಿಮದ್ದಿಲ್ಲದೆ ಬಂಡೆಯನ್ನು ಸೀಳಿ ತೆಗೆದರು.

ಪರೀಕ್ಷೆಯ ದಿನ ಗಂಗಮ್ಮ ತನ್ನ ಹೊಸ ಬಚ್ಚಲಿಗೆ ಒಂದು ಕೊಡ ನೀರು ಸುರಿಯಬೇಕಿತ್ತು. ಗುರುತಿಗಿರಲೆಂದು ಅದಕ್ಕೆ ಹಿಡಿ ಅರಿಶಿನ ಕಲಸಿದ್ದಳು. ತೋಟದ ಮೂಲೆಯಲ್ಲಿ, ತೆರೆದ ಮುಚ್ಚಳದ ಪಕ್ಕ ನಾನು ನಿಂತಿದ್ದೆ. ನಾರಾಯಣಮ್ಮ ಮಂಡಿಯೂರಿ ಕತ್ತಲೊಳಗೆ ಇಣುಕುತ್ತಿದ್ದಳು. ಏನೂ ಬರಲಿಲ್ಲ. ಬಂಡೆಯಲ್ಲಿ ಎಲ್ಲಾದರೂ ಇಳಿಜಾರು ತಪ್ಪಿತೇ ಎಂದು ನಾನೂ ಬಗ್ಗಿ ನೋಡಿದೆ. ಆಮೇಲೆ ಕೊಳವೆಯ ಬಾಯಲ್ಲಿ ಒಂದು ಹಳದಿ ಎಳೆ ಹೊಳೆಯಿತು.

“ವಚ್ಚಿಂದಿ!” ಕಾಲೋನಿಯ ಕಡೆ ತಿರುಗಿ ನಾರಾಯಣಮ್ಮ ತನ್ನ ಮನೆಮಾತಾದ ತೆಲುಗಿನಲ್ಲೇ ಗಂಟಲು ಬಿರಿಯುವಂತೆ ಕೂಗಿದಳು. “ಬಂತು ಕಣೇ ಗಂಗಾ! ನಿನ್ನ ನೀರು ನನ್ನ ತೋಟಕ್ಕೆ ಬಂತು!”